ಕಾವು ಪೆಟ್ಟಿಗೆ

ಅಮೆರಿಕದ ಸರ್ಕಾರಿ ಶಾಲೆಯೊಳಗೆ ಕಾಲಿಡಬೇಕಾದರೆ ಮೊದಲು ನನಗೆ ಕ್ಷಯ ಇಲ್ಲವೆಂದು ರುಜುವಾತಾಗಬೇಕಿತ್ತು. ಕ್ಯಾಲಿಫೋರ್ನಿಯಾದಲ್ಲಿ ತರಗತಿಗೆ ಬಂದು ಟೀಚರಿಗೆ ಕೈಜೋಡಿಸುವ ಅಪ್ಪ ಅಮ್ಮ, ಅಜ್ಜ ಅಜ್ಜಿಯರು ಟಿಬಿ ತಪಾಸಣೆಯ ಚೀಟಿ ತರಬೇಕಂತೆ. ಹಾಸನ ಜಿಲ್ಲೆಯ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಮೂವತ್ತೊಂದು ವರ್ಷ ಸೀಮೆಸುಣ್ಣದ ಪುಡಿ ಕುಡಿದ ನನ್ನ ಶ್ವಾಸಕೋಶವನ್ನು ಅದುವರೆಗೆ ಯಾರೂ ಹೀಗೆ ವಿಚಾರಿಸಿಕೊಂಡಿರಲಿಲ್ಲ. ಇಂಡಿಯಾದಿಂದ ಬಂದವಳು ಎಂದೊಡನೆ ನರ್ಸು ರಕ್ತವನ್ನೂ ತೆಗೆದಳು. ನಾಲ್ಕು ದಿನ ಬಿಟ್ಟು ಚೀಟಿ ಬಂತು. ಐದನೆಯ ದಿನ ಎದೆಯ ಮೇಲೆ ನನ್ನದೇ ಫೋಟೋ ಇದ್ದ ಸ್ಟಿಕರ್ ಅಂಟಿಸಿಕೊಂಡು ಮೊಮ್ಮಗಳ ಎರಡನೇ ಕ್ಲಾಸಿನ ಬಾಗಿಲಲ್ಲಿ ನಿಂತಿದ್ದೆ.

ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪೂರ್ವ ದಂಡೆಯಲ್ಲಿ ಫ್ರೀಮಾಂಟ್ ಸುತ್ತಮುತ್ತಲಿನ ಒಂದು ಊರು ಅದು. ಫೆಬ್ರವರಿ ತಿಂಗಳು. ಶಾಲೆಯ ಹಿಂದಿನ ಗುಡ್ಡಗಳೆಲ್ಲ ನಮ್ಮ ಸಕಲೇಶಪುರದ ಗುಡ್ಡಗಳ ಹಾಗೆ ಹಸಿರು ಹೊದ್ದಿದ್ದವು. ಬೇಸಿಗೆಗೆ ಇವೇ ಒಣಗಿ ಸಿಂಹದ ಬಣ್ಣಕ್ಕೆ ತಿರುಗುತ್ತವೆ ಎಂದು ಮಗಳು ಹೇಳಿದಾಗ ನಂಬಿಕೆ ಬರಲಿಲ್ಲ.

ತರಗತಿಯ ಕಿಟಕಿಯ ಪಕ್ಕ ಒಂದು ಪೆಟ್ಟಿಗೆ. ಮೇಲೆ ಪಾರದರ್ಶಕ ಮುಚ್ಚಳ, ಒಳಗೆ ಹನ್ನೆರಡು ಮೊಟ್ಟೆ. ಒಂದು ಪುಟ್ಟ ಪರದೆಯಲ್ಲಿ ಕೆಂಪಗೆ 99.5 ಎಂದು ಮಿನುಗುತ್ತಿತ್ತು. ಅದು ಫ್ಯಾರನ್‌ಹೀಟ್ ಲೆಕ್ಕ, ನಮ್ಮದರಲ್ಲಿ 37.5 ಡಿಗ್ರಿ. ಕೋಳಿಯಿಲ್ಲದೆ ಮೊಟ್ಟೆಗೆ ಕಾವು ಕೊಡುವ ಯಂತ್ರ. ಇಪ್ಪತ್ತೊಂದು ದಿನದ ಕ್ಯಾಲೆಂಡರು ಗೋಡೆಯ ಮೇಲೆ. ಅಂದು ಏಳನೆಯ ದಿನ. ಟೀಚರು ಪರದೆ ಎಳೆದು ಕತ್ತಲು ಮಾಡಿ, ಒಂದು ಮೊಟ್ಟೆಯನ್ನು ಮೆಲ್ಲಗೆ ಎತ್ತಿ, ಅದರ ಬುಡಕ್ಕೆ ಟಾರ್ಚು ಹಿಡಿದರು. ಮೊಟ್ಟೆ ಇಡಿಯಾಗಿ ಸಂಜೆಯ ಸೂರ್ಯನ ಹಾಗೆ ಕೆಂಪಾಯಿತು. ಒಳಗೆ ಜೇಡರ ಬಲೆಯಂಥ ನರಗಳು, ನಡುವೆ ಮಿಸುಕುವ ಒಂದು ಚುಕ್ಕೆ. ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಉಸಿರು ಬಿಗಿಹಿಡಿದಿದ್ದರು. ನಾನೂ.

ನಮ್ಮವ್ವ ಕೋಳಿಯನ್ನು ಕಾವಿಗೆ ಕೂರಿಸುತ್ತಿದ್ದದ್ದು ಅಡುಗೆಮನೆಯ ಮೂಲೆಯ ಮಂಕರಿಯಲ್ಲಿ. ಹುಲ್ಲು ಹಾಸಿ, ಮೊಟ್ಟೆ ಬೆಸಸಂಖ್ಯೆಯಲ್ಲೇ ಇರಬೇಕೆಂದು ಎಣಿಸಿ ಇಟ್ಟು, ಗುಡುಗಿಗೆ ಕೆಡದಿರಲೆಂದು ಪಕ್ಕದಲ್ಲಿ ಒಂದು ಇದ್ದಲು, ಒಂದು ಕಬ್ಬಿಣದ ಚೂರು. ಅವಳೂ ಮೊಟ್ಟೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು, ಲಾಟೀನಿನ ಬೆಳಕಿಗೆ. ಅದನ್ನು ಇಷ್ಟು ದೂರ ಬಂದು ಇನ್ನೊಮ್ಮೆ ನೋಡುತ್ತೇನೆಂದು ಯಾರು ಎಣಿಸಿದ್ದರು!

ಆದರೆ ನನ್ನ ಕಣ್ಣು ಹೋದದ್ದು ಪೆಟ್ಟಿಗೆಯ ಬದಿಗೆ ಅಂಟಿಸಿದ್ದ ಚೀಟಿಯ ಕಡೆಗೆ. ಇದು ನಮ್ಮೂರ ಶಿಕ್ಷಣ ಪ್ರತಿಷ್ಠಾನದ ಕೊಡುಗೆ ಎಂದು ಬರೆದಿತ್ತು. ಬಿಡುವಿನಲ್ಲಿ ಟೀಚರನ್ನು ಕೇಳಿದೆ. ಮೂರು ವರ್ಷದಿಂದ ಆಸೆಯಿತ್ತಂತೆ, ಶಾಲೆಯ ಬಜೆಟ್ಟಿನಲ್ಲಿ ಜಾಗವಿರಲಿಲ್ಲವಂತೆ. ಕೊನೆಗೆ ಎರಡು ಪುಟದ ಅರ್ಜಿ ಬರೆದರು: ಏನು ಬೇಕು, ಯಾಕೆ ಬೇಕು, ಎಷ್ಟು ಮಕ್ಕಳಿಗೆ, ಎಷ್ಟು ಡಾಲರು. ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ನಾಲ್ಕು ಜನ ಬಲೂನು ಹಿಡಿದು, ಬಾಗಿಲಗಲದ ರಟ್ಟಿನ ಚೆಕ್ಕು ಎತ್ತಿಕೊಂಡು ಪಾಠದ ಮಧ್ಯೆ ನುಗ್ಗಿದರು. ಯಾರದೋ ಹುಟ್ಟುಹಬ್ಬವೆಂದು ಮಕ್ಕಳು ಹಾಡು ಶುರುಮಾಡಿಬಿಟ್ಟರಂತೆ.

ಇಷ್ಟು ಕೇಳಿದ್ದೇ ನನಗೆ ನಮ್ಮ ಟಿಎಲ್‌ಎಂ ದುಡ್ಡು ನೆನಪಾಯಿತು. ಸರ್ವ ಶಿಕ್ಷಣ ಅಭಿಯಾನದ ಕಾಲದಲ್ಲಿ ಪಾಠೋಪಕರಣಕ್ಕೆಂದು ವರ್ಷಕ್ಕೆ ತಲಾ 500 ರೂಪಾಯಿ ಶಿಕ್ಷಕರ ಅನುದಾನ ಬರುತ್ತಿತ್ತು. ಅರ್ಜಿ ಬೇಡ, ಎಲ್ಲರಿಗೂ ಸಮ. ಆ ಮಟ್ಟಿಗೆ ಅಮೆರಿಕಕ್ಕಿಂತ ನಾವೇ ಮೇಲು. ಡ್ರಾಯಿಂಗ್ ಶೀಟು, ಥರ್ಮಾಕೋಲು, ಸ್ಕೆಚ್ ಪೆನ್ನು ತಂದು ಬಿಲ್ಲು ಲಗತ್ತಿಸಿದರೆ ಮುಗಿಯಿತು. ಒಂದು ವರ್ಷ ಮಾತ್ರ ನನಗೆ ಬುದ್ಧಿ ಕೆಟ್ಟಿತು. ಮಕ್ಕಳಿಗೆ ತೂಕ ಮಾಡಿಯೇ ತೂಕ ಕಲಿಸಬೇಕೆಂದು ಸಂತೆಯಲ್ಲಿ 480 ರೂಪಾಯಿಗೆ ಒಂದು ತಕ್ಕಡಿ ಕೊಂಡೆ. ಸಂತೆಯವನು ಬಿಲ್ಲು ಎಲ್ಲಿಂದ ಕೊಟ್ಟಾನು? ಲೆಕ್ಕ ತಪಾಸಣೆಗೆ ಬಂದವರು ಒಪ್ಪಲಿಲ್ಲ, ದುಡ್ಡು ನನ್ನ ಕೈಯಿಂದ ಹೋಯಿತು. ತಕ್ಕಡಿ ನಾನು ನಿವೃತ್ತಳಾಗುವವರೆಗೂ ಕಡಲೆಕಾಯಿ, ಕಲ್ಲು, ಕಪ್ಪೆ ಎಲ್ಲವನ್ನೂ ತೂಗಿತು.

ಈ ಪ್ರತಿಷ್ಠಾನ ಎಂಬುದು ಸರ್ಕಾರದ್ದಲ್ಲ. ಊರಿನ ಜನರೇ ನೋಂದಾಯಿಸಿದ ಧರ್ಮಾರ್ಥ ಸಂಸ್ಥೆ. ಊರಿನವರು, ಅಂಗಡಿಯವರು, ಕಂಪನಿಗಳವರು ಕೊಟ್ಟ ಹಣವನ್ನು ಒಟ್ಟುಹಾಕಿ ಊರಿನ ಸರ್ಕಾರಿ ಶಾಲೆಗಳಿಗೆ ಹಂಚುತ್ತದೆ. ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಸಿಗುತ್ತದೆ. ಅಳಿಯ ನೂರು ಡಾಲರು ಕೊಟ್ಟರೆ ಅವರ ಕಂಪನಿಯೂ ನೂರು ಸೇರಿಸುತ್ತದೆ.

ಅಷ್ಟು ಸಿರಿವಂತ ರಾಜ್ಯದಲ್ಲಿ ಸರ್ಕಾರಿ ಶಾಲೆಗೆ ಹೀಗೆ ಜೋಳಿಗೆ ಹಿಡಿಯುವ ಗತಿ ಯಾಕೆ ಬಂತು? ಇದಕ್ಕೆ ಉತ್ತರ ಸಿಕ್ಕಿದ್ದು ಮಗಳ ಮನೆಯ ಬೇಲಿಯಲ್ಲಿ. ಪಕ್ಕದ ಮನೆಯ ಅಜ್ಜಿ ನನ್ನ ಹಾಗೇ ಬೆಳಿಗ್ಗೆ ಬೇಗ ಎದ್ದು ಗಿಡಕ್ಕೆ ನೀರು ಹಾಕುವವರು. ಎರಡೂ ಮನೆ ಒಂದೇ ಅಚ್ಚಿನಲ್ಲಿ ತೆಗೆದ ಇಟ್ಟಿಗೆಗಳಂತಿವೆ: ಅಷ್ಟೇ ಕೋಣೆ, ಅಷ್ಟೇ ಅಂಗಳ. ಆದರೆ ಮಗಳು ಕಟ್ಟುವ ಮನೆ ಕಂದಾಯದ ಹತ್ತರಲ್ಲೊಂದು ಪಾಲನ್ನೂ ಆ ಅಜ್ಜಿ ಕಟ್ಟುವುದಿಲ್ಲ!

ಅದರ ಹಿಂದೆ ಒಂದು ಮತದಾನದ ಕಥೆಯಿದೆ. 1978ರ ಜೂನ್ 6ರಂದು ಕ್ಯಾಲಿಫೋರ್ನಿಯಾದ ಜನ, ನೂರಕ್ಕೆ ಸುಮಾರು 65 ಮಂದಿ, 13ನೇ ಪ್ರಸ್ತಾವ ಎಂಬುದಕ್ಕೆ ಹೂಂ ಎಂದರು. ಹಣದುಬ್ಬರದಲ್ಲಿ ಮನೆಗಳ ಬೆಲೆ ಏರಿ, ಬೆಲೆಯ ಜೊತೆಗೆ ಕಂದಾಯವೂ ಏರಿ, ಪಿಂಚಣಿಯ ಮುದುಕರು ಮನೆ ಮಾರುವ ಹೆದರಿಕೆಗೆ ಬಿದ್ದಿದ್ದ ಕಾಲ. ಹೋವರ್ಡ್ ಜಾರ್ವಿಸ್, ಪಾಲ್ ಗ್ಯಾನ್ ಎಂಬ ಇಬ್ಬರು ಮುಂದೆ ನಿಂತು ತಂದ ನಿಯಮ ಇದು: ಕಂದಾಯ ಮನೆಯ ಮೌಲ್ಯದ ಶೇಕಡಾ 1ನ್ನು ಮೀರಬಾರದು, ಆ ಮೌಲ್ಯವನ್ನು ವರ್ಷಕ್ಕೆ ಶೇಕಡಾ 2ಕ್ಕಿಂತ ಹೆಚ್ಚು ಏರಿಸಬಾರದು. ಮನೆ ಮಾರಾಟವಾದಾಗ ಹೊಸ ಬೆಲೆಯ ಲೆಕ್ಕ. ಹಾಗಾಗಿ ಐವತ್ತು ವರ್ಷದ ಹಿಂದೆ ಕೊಂಡ ಅಜ್ಜಿಗೆ ಆ ಕಾಲದ ಲೆಕ್ಕ, ಮೊನ್ನೆ ಕೊಂಡ ಮಗಳಿಗೆ ಮೊನ್ನೆಯ ಲೆಕ್ಕ. ಮನೆ ಕಂದಾಯದ ಹುಟ್ಟುವಳಿ ಅರ್ಧಕ್ಕಿಂತ ಹೆಚ್ಚು ಕುಸಿಯಿತು. ಶಾಲೆಗಳು ಉಣ್ಣುತ್ತಿದ್ದದ್ದೇ ಆ ಕಂದಾಯದಿಂದ. ಸಂಗೀತದ ಮೇಷ್ಟರು, ಲೈಬ್ರರಿಯವರು, ಚಿತ್ರದ ಪಾಠ, ಬೇಸಿಗೆ ತರಗತಿ, ಒಂದೊಂದಾಗಿ ಕಳಚಿಕೊಂಡವು.

ಕಂದಾಯದ ಹಳೆಯ ಏರ್ಪಾಡು ನ್ಯಾಯವಾಗಿತ್ತು ಎಂದಲ್ಲ. ಲಾಸ್ ಏಂಜಲಿಸ್‌ನ ಜಾನ್ ಸೆರಾನೊ ಎಂಬ ತಂದೆ ಮೊದಲಾದವರು ಹೂಡಿದ ದಾವೆಯಲ್ಲಿ 1971ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಎರಡು ಊರುಗಳ ಲೆಕ್ಕ ಎತ್ತಿ ತೋರಿಸಿತು. 1968-69ರಲ್ಲಿ ಬಾಲ್ಡ್‌ವಿನ್ ಪಾರ್ಕ್ ಎಂಬ ಬಡ ಊರು ಮಗುವೊಂದಕ್ಕೆ 577 ಡಾಲರು ಖರ್ಚು ಮಾಡಿತ್ತು, ಸಿನಿಮಾದವರ ಬೆವರ್ಲಿ ಹಿಲ್ಸ್ 1,231 ಡಾಲರು. ಕಂದಾಯದ ದರ ಮಾತ್ರ ಬಡ ಊರಿನಲ್ಲೇ ಎರಡು ಪಟ್ಟಿಗಿಂತ ಹೆಚ್ಚು! ಹೀಗೆ ನಡೆಯಕೂಡದು ಎಂದು ಕೋರ್ಟು ಹೇಳಿತು. ಸಮ ಮಾಡಲು ಹೊರಟ ಹೊತ್ತಿಗೇ 1978ರ ಕತ್ತರಿ ಬಿತ್ತು.

ಮರುವರ್ಷವೇ, 1979ರಲ್ಲಿ, ಗ್ಲ್ಯಾಡಿಸ್ ಥ್ಯಾಚರ್ ಎಂಬಾಕೆ ಸ್ಯಾನ್ ಫ್ರಾನ್ಸಿಸ್ಕೋ ಎಜುಕೇಶನ್ ಫಂಡ್ ಕಟ್ಟಿದರು. ಟೀಚರುಗಳಿಗೆ ಸಣ್ಣ ಸಣ್ಣ ಗಂಟು ಕೊಡುವುದು ಅದರ ಕೆಲಸ. 1983ರಲ್ಲಿ ಬರ್ಕ್ಲಿಯಲ್ಲಿ ಇನ್ನೊಂದು ಹುಟ್ಟಿತು. ಆಮೇಲೆ ಊರೂರಿನಲ್ಲಿ. ಒಂದು ಕೈಯಿಂದ ಕೊಡಲೊಲ್ಲೆ ಎಂದ ಜನ ಇನ್ನೊಂದು ಕೈಯಿಂದ ಕೊಡತೊಡಗಿದರು ಅಂತ ನನಗೆ ಅನ್ನಿಸಿದ್ದು. ಅಳಿಯ ನಕ್ಕರು. "ವ್ಯತ್ಯಾಸ ಇದೆ ಅತ್ತೆ. ತೆರಿಗೆ ಕೊಟ್ರೆ ಯಾರ ಮಗುಗೆ ಹೋಗುತ್ತೆ ಗೊತ್ತಾಗಲ್ಲ. ಇದು ಗೊತ್ತಾಗುತ್ತೆ."

ಶಾಲೆಯ ಹರಾಜಿನ ರಾತ್ರಿಯನ್ನು ಹೇಳದೆ ಮುಂದೆ ಹೋಗಲಾರೆ. ಜಾತ್ರೆಯ ಹುಂಡಿ, ಗಣಪತಿ ಲಾಡು ಸವಾಲು ನೋಡಿದ್ದ ನನಗೂ ಅದು ಹೊಸತು. ಶಾಲೆಯ ಮುಂದೆ ಒಂದು ವರ್ಷ ಕಾರು ನಿಲ್ಲಿಸುವ ಒಂದು ಜಾಗ ಹರಾಜಾಯಿತು. ಒಂದು ದಿನ ಹೆಡ್‌ಮಾಸ್ಟರಾಗುವ ಅವಕಾಶ ಹರಾಜಾಯಿತು, ಯಾರದೋ ಏಳು ವರ್ಷದ ಮಗನಿಗೆ. ಅಳಿಯ ವಾರ್ಷಿಕೋತ್ಸವದ ಮುಂದಿನ ಸಾಲಿನ ನಾಲ್ಕು ಕುರ್ಚಿ ಗೆದ್ದರು. ಅಷ್ಟಕ್ಕೆ ಕೊಟ್ಟದ್ದೆಷ್ಟು ಎಂದು ಮಗಳು ಇಂದಿಗೂ ನನಗೆ ಹೇಳಿಲ್ಲ.

ಇವೆಲ್ಲ ತಮಾಷೆ. ನನ್ನನ್ನು ಹಿಡಿದು ಕೂರಿಸಿದ್ದು ಒಂದು ಗುರುವಾರದ ರಾತ್ರಿ. ಮಗಳು ಆ ಪ್ರತಿಷ್ಠಾನದ ಅರ್ಜಿ ಓದುವ ಸಮಿತಿಯಲ್ಲಿದ್ದಾಳೆ. ಸಂಬಳವಿಲ್ಲದ ಚಾಕರಿ. ಊಟದ ಮೇಜಿನ ಮೇಲೆ ಹದಿನಾಲ್ಕು ಅರ್ಜಿ. ಹೆಸರು, ಶಾಲೆ ಎರಡೂ ಅಳಿಸಿದ್ದವು. ನಾನೂ ಓದಬಹುದೇ ಎಂದು ಮೊದಲೇ ಕೇಳಿ ಒಪ್ಪಿಗೆ ತಂದಿದ್ದಳು. ಹಣವಿದ್ದದ್ದು ಎಂಟೋ ಒಂಬತ್ತೋ ಅರ್ಜಿಗೆ. ಒಂದೊಂದಕ್ಕೂ ಅಂಕ ಕೊಡಬೇಕು.

ಮೊದಲನೆಯದು ಹದಿನೈದು ಉಕುಲೇಲೆ ಬೇಕೆಂದಿತ್ತು. ಅದು ನಾಲ್ಕು ತಂತಿಯ ಪುಟ್ಟ ಗಿಟಾರಿನಂಥದ್ದು. ಇನ್ನೊಂದು ಬಸ್ ಬಾಡಿಗೆಗೆ. ಮಾಂಟೆರೆಯಲ್ಲಿ ಸಮುದ್ರಜೀವಿಗಳ ದೊಡ್ಡ ಅಕ್ವೇರಿಯಂ ಇದೆ, ಕ್ಯಾಲಿಫೋರ್ನಿಯಾದ ಶಾಲಾ ಮಕ್ಕಳ ತಂಡಗಳಿಗೆ ಅಲ್ಲಿ ಟಿಕೆಟಿಲ್ಲ. ಆದರೆ ಬಸ್ಸು ಪುಕ್ಕಟೆ ಬರುವುದಿಲ್ಲ. ಕಡಲಿಂದ ಅನತಿ ದೂರದಲ್ಲಿದ್ದೂ ನನ್ನ ತರಗತಿಯ ಅರ್ಧ ಮಕ್ಕಳು ಕಡಲು ಮುಟ್ಟಿಲ್ಲ ಎಂದು ಆ ಟೀಚರು ಬರೆದಿದ್ದರು. ನಮ್ಮ ಅರಸೀಕೆರೆ ಕಡೆಯ ಮಕ್ಕಳು ನೆನಪಾದರು. ಪ್ರವಾಸದ ಬಸ್ಸಿಗೆ ದುಡ್ಡು ಕೊಡಲಾಗದೆ ಅಂದು ಜ್ವರ ಬಂತೆಂದು ಮನೆಯಲ್ಲೇ ಮಲಗುತ್ತಿದ್ದ ಮಕ್ಕಳು.

ಮತ್ತೊಂದು ಅರ್ಜಿ ದರಿ ಭಾಷೆಯ ಚಿತ್ರಪುಸ್ತಕಗಳಿಗೆ. ಫ್ರೀಮಾಂಟ್ ಸುತ್ತ ಆಫ್ಘನ್ನರು ತುಂಬ ಜನ, ಅಲ್ಲಿನ ಒಂದು ಬಡಾವಣೆಗೆ ಲಿಟ್ಲ್ ಕಾಬೂಲ್ ಎಂದೇ ಹೆಸರು. ಈಗಷ್ಟೇ ಬಂದ ಮಗುವಿಗೆ ಇಂಗ್ಲಿಷಿನ ಜೊತೆಗೆ ಅವರಮ್ಮ ಓದಿ ಹೇಳಬಲ್ಲ ಪುಸ್ತಕವೂ ಒಂದಿರಲಿ ಎಂಬುದು ಟೀಚರ ಮಾತು. ಇದಕ್ಕೆ ಮಗಳು ಕಣ್ಣು ಮುಚ್ಚಿ ಪೂರ್ತಿ ಅಂಕ ಕೊಟ್ಟಳು. ನಾನು ಒಂದು ಮಾತೂ ಆಡಲಿಲ್ಲ.

ಜಗಳ ಬಿದ್ದದ್ದು ಹನ್ನೊಂದನೆಯ ಅರ್ಜಿಗೆ. ಅರ್ಧ ಪುಟ, ಕಾಗುಣಿತದ ತಪ್ಪುಗಳು. ವಿಶೇಷ ಚೇತನ ಮಕ್ಕಳ ಟೀಚರು. ಬೇಕಾದದ್ದು ಒಂದು ಬಟ್ಟೆ ಒಗೆಯುವ ಮಷೀನು! ಬಟ್ಟೆ ಹಾಕುವುದು, ಗುಂಡಿ ಒತ್ತುವುದು, ಒಣಗಿಸುವುದು, ಮಡಿಸುವುದು: ಹದಿನೆಂಟು ತುಂಬಿ ಶಾಲೆ ಬಿಟ್ಟ ಮೇಲೆ ಇಷ್ಟು ಬಂದರೆ ಅವರ ಬದುಕು ಅವರ ಕೈಯಲ್ಲಿರುತ್ತದೆ ಎಂದಿಷ್ಟೇ. ಮಗಳು ಕಡಿಮೆ ಅಂಕ ಹಾಕಿದಳು.

"ಯಾಕೇ?"

"ಉದ್ದೇಶ ಸರಿಯಾಗಿ ಬರೆದಿಲ್ಲಮ್ಮ. ಅಳತೆ ಹೇಗೆ ಮಾಡ್ತೀರಿ ಅನ್ನೋದಕ್ಕೆ ಉತ್ತರಾನೇ ಇಲ್ಲ."

"ಇದು ಪ್ರಬಂಧ ಸ್ಪರ್ಧೆ ಏನೇ? ಚೆನ್ನಾಗಿ ಬರೆಯೋಕೆ ಬಂದವರ ಮಕ್ಕಳಿಗೆ ಮಾತ್ರ ಸಾಮಾನು ಸಿಗೋದಾ?"

"ನಿಯಮ ಇರೋದೇ ಹಾಗೆ."

"ನಿಯಮ ನೀವೇ ಮಾಡಿರೋದು ತಾನೆ?"

ಅವಳು ಮಾತಾಡದೆ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದಳು. ನಾನು ಉಳಿದ ಅರ್ಜಿಗಳ ಮುಂದೆ ಕೂತೆ. ಯಾವುದಕ್ಕೂ ಭಾರಿ ಮೊತ್ತವಿಲ್ಲ. ಶಾಲೆಯ ಒಟ್ಟು ಖರ್ಚಿನ ಮುಂದೆ ಇದು ಸಾರಿಗೆ ಹಾಕುವ ಇಂಗು. ಆದರೆ ಶಾಲೆಗೆ ಬರುವ ಬೇರೆಲ್ಲ ಹಣಕ್ಕೂ ಅದು ಎಲ್ಲಿ ಹೋಗಬೇಕೆಂದು ಮೇಲಿನವರು ಬರೆದಿಟ್ಟಿರುತ್ತಾರೆ. ಇದೊಂದಕ್ಕೆ ಮಾತ್ರ ನಿನಗೆ ಏನು ಬೇಕಮ್ಮ ಎಂದು ಟೀಚರನ್ನು ಕೇಳಿದ್ದರು. ನನ್ನ ಮೂವತ್ತೊಂದು ವರ್ಷದಲ್ಲಿ ಆ ಪ್ರಶ್ನೆ ಯಾರೂ ಕೇಳಿರಲಿಲ್ಲ. ಮೇಲಿನಿಂದ ಸಾಮಾನು ಬರುತ್ತಿತ್ತು, ನಿಜ. ಒಂದು ಸೂಕ್ಷ್ಮದರ್ಶಕ ಬಂದಿತ್ತು. ಒಡೆದರೆ ಸಂಬಳದಲ್ಲಿ ಮುರಿದುಕೊಳ್ಳುತ್ತಾರೆಂಬ ಹೆದರಿಕೆಗೆ ಅದು ಪ್ಲಾಸ್ಟಿಕ್ ಹೊದಿಕೆ ಸಮೇತ ಬೀರುವಿನಲ್ಲಿ ಹನ್ನೆರಡು ವರ್ಷ ಮಲಗಿತ್ತು. ಬೀಗದ ಕೈ ಇದ್ದದ್ದು ನನ್ನ ಹತ್ತಿರವೇ, ಸುಳ್ಳು ಯಾಕೆ ಹೇಳಲಿ. ಇಲ್ಲಿನ ಅರ್ಜಿಯ ಕೊನೆಯಲ್ಲಿ ಒಂದು ಸಾಲಿದೆ. ವರ್ಷದ ಕೊನೆಗೆ ಒಂದು ಪುಟ ವರದಿ ಕೊಡಿ, ಪ್ರಯೋಗ ಸೋತಿದ್ದರೆ ಹಾಗೆಂದೇ ಬರೆಯಿರಿ ಎಂದು. ಆ ಸಾಲಿನ ಮೇಲೆ ಬಹಳ ಹೊತ್ತು ಬೆರಳಿಟ್ಟುಕೊಂಡು ಕೂತಿದ್ದೆ.

ಬೇ ಏರಿಯಾ ಎಂದು ಕರೆಯುವ ಈ ಕೊಲ್ಲಿ ಸೀಮೆಯ ಕನ್ನಡಿಗರಿಂದಲೇ ಹುಟ್ಟಿದ ಒಸಾಟ್ ಎಂಬ ಸಂಸ್ಥೆ ನಮ್ಮ ಕಡೆಯ ಸರ್ಕಾರಿ ಶಾಲೆಗಳಿಗೆ ಕಟ್ಟಡ ಕಟ್ಟಿಸಿಕೊಡುತ್ತದೆ. ಸೋರುವ ಸೂರಿನ ಕೆಳಗೆ ಪಾಠ ಮಾಡಿದವಳಿಗೆ ಅದರ ಬೆಲೆ ಗೊತ್ತು. ಆದರೂ ಆ ರಾತ್ರಿ ನನಗೆ ಹೊಟ್ಟೆಕಿಚ್ಚಾದದ್ದು ಕಟ್ಟಡಕ್ಕಲ್ಲ, ಎರಡು ಪುಟದ ಆ ಅರ್ಜಿಗೆ.

ವಾರದ ಕೊನೆಗೆ ಅಳಿಯ ಕೊಲ್ಲಿಯ ಆಚೆ ದಡ ತೋರಿಸಲು ಕರೆದೊಯ್ದರು. ಡಂಬಾರ್ಟನ್ ಸೇತುವೆ ಏರಿದರೆ ಕೆಳಗೆ ಉಪ್ಪಿನಾಗರಗಳು. ಗೋಕರ್ಣದ ದಾರಿಯ ಸಾಣಿಕಟ್ಟಾದಲ್ಲಿ ಉಪ್ಪಿನ ಗದ್ದೆ ನೋಡಿದ್ದೆ, ಅವು ಬೂದು ಬಣ್ಣ. ಇಲ್ಲಿ ಒಂದು ಮಡಿ ಹಸಿರಾದರೆ ಪಕ್ಕದ್ದು ಕಿತ್ತಳೆ, ಅದರಾಚೆಯದು ಕುಂಕುಮ ಕಲಸಿದ ನೀರು. ನೀರು ಆರಿ ಉಪ್ಪು ಹೆಚ್ಚಿದಂತೆ ಅದರಲ್ಲಿ ಬದುಕುವ ಸೂಕ್ಷ್ಮಜೀವಿಗಳು ಬದಲಾಗುತ್ತವಂತೆ, ಬಣ್ಣವೂ. ಸೇತುವೆ ಇಳಿಯುತ್ತಿದ್ದ ಹಾಗೆ ಫೇಸ್‌ಬುಕ್ ನಡೆಸುವ ಕಂಪನಿಯ ಆವರಣ. ಅದಕ್ಕೆ ಮೊದಲೇ ಎಡಕ್ಕೆ ತಿರುಗಿದರೆ ಯೂನಿವರ್ಸಿಟಿ ಅವೆನ್ಯೂ.

ಆ ರಸ್ತೆ ಮೊದಲು ಹಾಯುವುದು ಈಸ್ಟ್ ಪಾಲೋ ಆಲ್ಟೊ ಎಂಬ ಊರನ್ನು. ಮೆಕ್ಸಿಕೊ ಕಡೆಯವರು, ಕಪ್ಪು ಜನ, ಪೆಸಿಫಿಕ್ ದ್ವೀಪಗಳ ಟೊಂಗಾ, ಸಮೋವಾದವರು. ಸಣ್ಣ ಮನೆ, ಅಂಗಳದಲ್ಲಿ ಮೂರು ಮೂರು ಕಾರು, ಒಂದೊಂದು ಮನೆಯಲ್ಲಿ ಎರಡು ಮೂರು ಸಂಸಾರ. 101ನೇ ಹೆದ್ದಾರಿಯ ಮೇಲಿನ ಸೇತುವೆ ದಾಟಿದ್ದೇ ಮರಗಳ ಕಮಾನು ಶುರು, ಊರು ಪಾಲೋ ಆಲ್ಟೊ. ರಸ್ತೆಯ ಹೆಸರು ಅದೇ, ನೇರ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕಡೆಗೆ ಹೋಗುತ್ತದೆ. ಶಾಲೆಗಳ ಆಡಳಿತಕ್ಕೆ ಹೆದ್ದಾರಿಯ ಈಚೆಗೊಂದು ಶಾಲಾ ಜಿಲ್ಲೆ, ಆಚೆಗೊಂದು. ಎರಡಕ್ಕೂ ಪ್ರತಿಷ್ಠಾನಗಳಿವೆ. ಪಾಲೋ ಆಲ್ಟೊದಲ್ಲಿ ಊರಿನ ಅಪ್ಪ ಅಮ್ಮಂದಿರೇ ಕೊಟ್ಟು, ಸಿಕ್ಕಿದ್ದನ್ನು ತಮ್ಮ ಜಿಲ್ಲೆಯ ಎಲ್ಲ ಶಾಲೆಗೂ ಮಕ್ಕಳ ಲೆಕ್ಕದಲ್ಲಿ ಹಂಚುತ್ತಾರೆ, ಒಂದೇ ಶಾಲೆ ಕೊಬ್ಬದಿರಲಿ ಎಂದು. ಹೆದ್ದಾರಿ ದಾಟಿ ಹಂಚುವ ಬಾಧ್ಯತೆ ಅವರಿಗಿಲ್ಲ. ಈಸ್ಟ್ ಪಾಲೋ ಆಲ್ಟೊದ ಶಾಲೆಗಳಿರುವುದು ರೇವನ್ಸ್‌ವುಡ್ ಜಿಲ್ಲೆಯಲ್ಲಿ. ಅಲ್ಲಿನ ಅಪ್ಪ ಅಮ್ಮಂದಿರು ಹೋಟೆಲು, ತೋಟ, ಕಟ್ಟಡದ ಕೆಲಸದವರು. ಹಾಗಾಗಿ ಅಲ್ಲಿನ ಪ್ರತಿಷ್ಠಾನ ಕೇಳುವುದು ಸುತ್ತಲಿನ ಉಳ್ಳವರ ಊರುಗಳನ್ನು.

ಇನ್ನೂ ಸ್ವಲ್ಪ ಉತ್ತರಕ್ಕೆ ಹಿಲ್ಸ್‌ಬರೊ ಎಂಬ ಸಿರಿವಂತರ ಊರಿದೆ. ಅಲ್ಲಿನ ಪ್ರತಿಷ್ಠಾನ ಮಗುವೊಂದಕ್ಕೆ ಕನಿಷ್ಠ 2,300 ಡಾಲರು ಕೊಡಿ ಎಂದು ಕೇಳುತ್ತಿದ್ದದ್ದನ್ನು ಎತ್ತಿಕೊಂಡು ಸ್ಟ್ಯಾನ್‌ಫರ್ಡಿನ ರಾಜ್ಯಶಾಸ್ತ್ರಜ್ಞ ರಾಬ್ ರೀಶ್ 2013ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಖಾರವಾಗಿ ಬರೆದಿದ್ದರು. ಅವರ ವಾದ ಸರಳ: ಇಂಥ ದಾನಕ್ಕೆ ತೆರಿಗೆ ವಿನಾಯಿತಿ ಕೊಟ್ಟರೆ ಉಳ್ಳವರ ಶಾಲೆ ಇನ್ನಷ್ಟು ಮೇಲೇರಲು ಬೊಕ್ಕಸವೇ ಏಣಿ ಹಿಡಿದಂತೆ. ಆರೆಗಾನ್ ರಾಜ್ಯದ ಪೋರ್ಟ್‌ಲೆಂಡಿನಲ್ಲಿ ಒಂದೊಂದು ಶಾಲೆ ಕೂಡಿಸಿದ ಹಣದಲ್ಲಿ ಮೊದಲ 10,000 ಡಾಲರು ಬಿಟ್ಟು ಉಳಿದದ್ದರ ಮೂರರಲ್ಲೊಂದು ಪಾಲು ಬಡ ಶಾಲೆಗಳಿಗೆ ಹೋಗಬೇಕೆಂಬ ನಿಯಮ ಬಹಳ ವರ್ಷ ಇತ್ತು. ಸಾಂಟಾ ಮೋನಿಕಾ ಮತ್ತು ಮಾಲಿಬು ಒಂದೇ ಶಾಲಾ ಜಿಲ್ಲೆ. ಸಿಬ್ಬಂದಿಗೆಂದು ಎತ್ತುವ ಹಣ ಎಲ್ಲ ಶಾಲೆಗೂ ಸೇರಲಿ ಎಂದು 2011ರಲ್ಲಿ ಆ ಜಿಲ್ಲೆಯ ಮಂಡಳಿ ತೀರ್ಮಾನಿಸಿದಾಗ ಮಾಲಿಬುವಿನ ಎಷ್ಟೋ ಪೋಷಕರು ಸಿಡಿದರು. ಕೊಡುವ ಮನಸ್ಸಿದ್ದವರೇ ಅವರು, ಕೈ ನೀಡುವ ದೂರದ್ದಷ್ಟೇ ತಕರಾರು.

ಇವರನ್ನು ಬಯ್ಯುವಾಗ ನನಗೆ ನಾಲಿಗೆ ಹೊರಳುವುದಿಲ್ಲ. ನಮ್ಮೂರಿನಲ್ಲಿ ಕೊಡುವ ಶಕ್ತಿಯಿದ್ದವರು ಸರ್ಕಾರಿ ಶಾಲೆಯಿಂದ ಮಕ್ಕಳನ್ನು ಬಿಡಿಸಿಕೊಂಡು ಕಾನ್ವೆಂಟಿನ ಹಳದಿ ವ್ಯಾನು ಹತ್ತಿಸಿ ಯಾವ ಕಾಲವಾಯಿತು. ನನ್ನ ಮಗಳನ್ನೂ ನಾನು ಅದೇ ವ್ಯಾನಿಗೆ ಹತ್ತಿಸಿದ್ದೆ. ಇಲ್ಲಿ ಉಳ್ಳವರ ಮಕ್ಕಳೂ ಸರ್ಕಾರಿ ಶಾಲೆಯ ಬೆಂಚಿನ ಮೇಲೇ ಕೂತಿದ್ದಾರೆ, ಅದಕ್ಕೇ ಅಪ್ಪ ಅಮ್ಮಂದಿರು ಜೋಳಿಗೆ ಹಿಡಿದಿರುವುದು.

ಮುಂದಿನ ವಾರ ಸಮಿತಿಯ ಸಭೆ ಮುಗಿಸಿ ಬಂದ ಮಗಳು ಚಪ್ಪಲಿ ಬಿಡುತ್ತಲೇ ಹೇಳಿದಳು. "ವಾಷಿಂಗ್ ಮಷೀನ್ ಪಾಸಾಯ್ತಮ್ಮ. ಉಕುಲೇಲೆ ಹೋಯ್ತು."

"ನೀನೇನಾದ್ರೂ ಅಂದ್ಯಾ?"

"ಅಂದೆ."

ಇಪ್ಪತ್ತೊಂದನೆಯ ದಿನ ನನ್ನನ್ನು ಕರೆದೊಯ್ಯಲು ಮೊಮ್ಮಗಳು ಆರು ಗಂಟೆಗೇ ಎಬ್ಬಿಸಿದಳು. ಹದಿನೆಂಟನೆಯ ದಿನಕ್ಕೇ ಮೊಟ್ಟೆ ಹೊರಳಿಸುವುದನ್ನು ನಿಲ್ಲಿಸಿದ್ದರು. ನಾವು ಹೋಗುವ ಹೊತ್ತಿಗೆ ನಾಲ್ಕು ಮರಿ ಹೊರಗೆ ಬಂದಿದ್ದವು, ಒದ್ದೆ ಹತ್ತಿಯ ಉಂಡೆಗಳ ಹಾಗೆ. ಐದನೆಯದು ಚಿಪ್ಪಿನಲ್ಲಿ ಒಂದು ತೂತು ಕೊರೆದು ಸುಸ್ತಾಗಿ ಕೂತಿತ್ತು. ಒಬ್ಬ ಹುಡುಗ ಕೈಹಾಕಿ ಚಿಪ್ಪು ಬಿಡಿಸಲು ಹೊರಟ. ಟೀಚರು ತಡೆಯುವುದಕ್ಕೆ ಮುಂಚೆಯೇ ನನ್ನ ಬಾಯಿಂದ ಕನ್ನಡದಲ್ಲಿ "ಮುಟ್ಟಬೇಡ ಕಣೋ" ಎಂದು ಬಂದುಬಿಟ್ಟಿತು. ಅವನಿಗೆ ಅರ್ಥವಾಯಿತು.

ಮಧ್ಯಾಹ್ನದ ಹೊತ್ತಿಗೆ ಎಂಟು, ಮರುದಿನಕ್ಕೆ ಒಂಬತ್ತು. ಮೂರು ಮೊಟ್ಟೆ ಹಾಗೇ ಉಳಿದವು. ಅವಕ್ಕೇನಾಯಿತು ಎಂದು ಮಕ್ಕಳು ಕೇಳಿದ್ದಕ್ಕೆ ಟೀಚರು ಮುಚ್ಚಿಡದೆ ಹೇಳಿದರು. ಮೂವರು ಅತ್ತರು. ಮೊಟ್ಟೆ ಕೊಟ್ಟಿದ್ದ ತೋಟದವರು ವಾರ ಬಿಟ್ಟು ಮರಿಗಳನ್ನು ವಾಪಸು ಒಯ್ದಾಗ ಉಳಿದವರೂ ಅತ್ತರು.

ನಾನು ಊರಿಗೆ ಹೊರಡುವ ಮುಂಚಿನ ಕೊನೆಯ ಭೇಟಿಯಲ್ಲಿ ಟೀಚರು ಪ್ರತಿಷ್ಠಾನಕ್ಕೆ ಒಂದು ಪುಟದ ವರದಿ ಟೈಪು ಮಾಡುತ್ತಿದ್ದರು. ಹನ್ನೆರಡರಲ್ಲಿ ಒಂಬತ್ತು ಎಂದು ಬರೆದು, ನನ್ನ ಕಡೆ ತಿರುಗಿ ಕೇಳಿದರು: ನಿಮ್ಮೂರಿನಲ್ಲಿ ಕೋಳಿಯೇ ಕಾವಿಗೆ ಕೂತರೆ ಹನ್ನೆರಡಕ್ಕೆ ಎಷ್ಟಾಗುತ್ತದೆ?

ನಮ್ಮವ್ವ ಹನ್ನೆರಡು ಇಡುವುದಿಲ್ಲ, ಹನ್ನೊಂದೋ ಹದಿಮೂರೋ ಇಡುತ್ತಿದ್ದಳು ಎಂದೆ. ಹನ್ನೊಂದಿಟ್ಟರೆ ಹತ್ತು ಬರುತ್ತಿದ್ದವು, ಒಮ್ಮೊಮ್ಮೆ ಹನ್ನೊಂದೂ.

ಟೀಚರು ಒಂದು ಕ್ಷಣ ಯೋಚಿಸಿ, ಅದನ್ನೂ ವರದಿಯಲ್ಲಿ ಸೇರಿಸಿದರು.